‘ಕರೆ ಮಾಡಿ ಏನಂತ ಹೇಳ್ಬೇಕು?’: ಬದುಕೇ ಬೇಡ ಅನ್ನಿಸಿದಾಗ ಸಹಾಯ ಸಿಗೋದು ಹೇಗೆ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇದು. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ. ಆತ್ಮಹತ್ಯೆಯ ಯೋಚನೆಗಳ ಬಗ್ಗೆ ಇದರಲ್ಲಿ ನೇರವಾದ ಮಾತುಗಳಿವೆ.

ಇವತ್ತು ಮಾಮೂಲಿನಂತೆ ಮ್ಯೂಸಿಕ್ ಹಾಕಿ ಶುರು ಮಾಡ್ತಿಲ್ಲ. ಮೊದಲು ಒಂದು ನಂಬರ್ ಹೇಳಿಬಿಡ್ತೀನಿ. 14416. ಒಂದು, ನಾಲ್ಕು, ನಾಲ್ಕು, ಒಂದು, ಆರು. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ, ಈ ಹೊತ್ತಿನಲ್ಲೇ ನಿಮಗೆ ನೀವು ಏನಾದರೂ ಮಾಡ್ಕೊಂಡುಬಿಡ್ತೀರಿ ಅನ್ನೋ ಸ್ಥಿತಿಯಲ್ಲಿದ್ದರೆ ಈ ಸಂಚಿಕೆ ಕೇಳ್ತಾ ಕೂರಬೇಡಿ. ನಿಲ್ಲಿಸಿ. 112ಕ್ಕೆ ಕರೆ ಮಾಡಿ. ಇಲ್ಲಾಂದ್ರೆ ಎದ್ದು ಹೋಗಿ ಪಕ್ಕದ ರೂಮಿನ ಬಾಗಿಲು ಬಡಿಯಿರಿ. ಅಲ್ಲಿ ಯಾರೇ ಇರಲಿ, ‘ನನ್ನನ್ನ ಒಬ್ಬಳನ್ನೇ ಬಿಡಬೇಡಿ’, ‘ಒಬ್ಬನನ್ನೇ ಬಿಡಬೇಡಿ’ ಅಷ್ಟು ಹೇಳಿ ಸಾಕು. ಉಳಿದದ್ದನ್ನ ಆಮೇಲೆ ಹೇಳಬಹುದು. ಈ ಸಂಚಿಕೆ ಎಲ್ಲೂ ಹೋಗಲ್ಲ.

ಉಳಿದವರು ಇದ್ದೀರಲ್ಲ, ಬನ್ನಿ ವಿಷಯಕ್ಕೆ.

ಕಳೆದ ತಿಂಗಳು ಒಂದು ರಾತ್ರಿ ನಮ್ಮ ವಾಟ್ಸಾಪ್‌ಗೆ ಒಂದು ವಾಯ್ಸ್ ನೋಟ್ ಬಂತು. ನಲವತ್ತು ಸೆಕೆಂಡ್‌ದು. ಪಿಯುಸಿ ಮುಗಿಸಿ ಎರಡನೇ ಸಲ ನೀಟ್‌ಗೆ ಓದ್ತಿರುವ ಹುಡುಗಿ. ಹೆಸರು, ಊರು ಹೇಳಲ್ಲ. ಅವಳ ಒಪ್ಪಿಗೆ ತಗೊಂಡೇ ಇಷ್ಟು ಹೇಳ್ತಿದ್ದೀನಿ. ಅದರಲ್ಲಿ ಅವಳು ಹೇಳಿದ್ದು: ‘ಅಣ್ಣಾ, ನೀವೆಲ್ಲಾ ಕೊನೆಗೆ ಸಹಾಯವಾಣಿಗೆ ಕರೆ ಮಾಡಿ ಅಂತ ಒಂದು ನಂಬರ್ ಹಾಕ್ತೀರಲ್ಲ, ಕರೆ ಮಾಡಿ ಏನಂತ ಹೇಳ್ಬೇಕು? ನನಗೆ ಸತ್ತು ಹೋಗ್ಬೇಕು ಅನ್ಸುತ್ತೆ ಅಂತ ಯಾರೋ ಗೊತ್ತಿಲ್ಲದವರಿಗೆ ಹೇಗೆ ಹೇಳೋದು? ಹೇಳಿದ್ಮೇಲೆ ಅವರು ಏನ್ಮಾಡ್ತಾರೆ?’

ಆ ರಾತ್ರಿ ನಾನು ಅವಳಿಗೆ ವಾಪಸ್ ಫೋನ್ ಮಾಡಿದೆ. ಆಮೇಲೆ ಏನಾಯ್ತು ಅಂತ ಕೊನೆಯಲ್ಲಿ ಹೇಳ್ತೀನಿ. ಆದರೆ ಪ್ರಶ್ನೆ ಸರಿಯಾಗಿದೆ, ನೋಡಿ. ಸುದ್ದಿಯ ಕೆಳಗೆ ಒಂದು ಸಾಲು ನಂಬರ್ ಹಾಕಿ ನಾವು ಮಾಧ್ಯಮದವರು ಕೈ ತೊಳೆದುಕೊಳ್ತೀವಿ. ಆ ಸಾಲಿನ ಮೇಲೆಯೇ ‘ಆತ್ಮಹತ್ಯೆಗೆ ಶರಣು’ ಅಂತ ಹೆಡ್ಡಿಂಗ್ ಇರುತ್ತೆ. ಶರಣು ಅನ್ನೋ ಪದವನ್ನ ಇದಕ್ಕೆ ಯಾರು ಮೊದಲು ಅಂಟಿಸಿದರೋ, ನನಗಂತೂ ಪ್ರತಿ ಸಲ ಓದಿದಾಗಲೂ ಮೈ ಉರಿಯುತ್ತೆ. ಇರಲಿ.

ಫೋನ್ ಮಾಡಿದರೆ ಏನಾಗುತ್ತೆ

ಟೆಲಿ ಮಾನಸ್ ಶುರುವಾಗಿದ್ದು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು. ಇಡೀ ದೇಶದ ಈ ವ್ಯವಸ್ಥೆಗೆ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ತಾಂತ್ರಿಕ ಕೆಲಸಕ್ಕೆ ಜೊತೆಯಾದದ್ದು ಬೆಂಗಳೂರಿನದೇ ಐಐಐಟಿ. 2024ರಲ್ಲೇ ಬಂದ ಕರೆಗಳ ಸಂಖ್ಯೆ 10 ಲಕ್ಷ ದಾಟಿತ್ತು. ಅಂದ್ರೆ ಫೋನ್ ಎತ್ತುವವರಿಗೆ ನೀವು ಮೊದಲನೆಯವರಲ್ಲ, ವಿಚಿತ್ರವಾದವರೂ ಅಲ್ಲ.

14416 ಒತ್ತಿದಾಗ ಮೊದಲು ಕೇಳಿಸೋದು ರೆಕಾರ್ಡ್ ಮಾಡಿದ ದನಿ. ಬ್ಯಾಂಕಿಗೆ ಫೋನ್ ಮಾಡಿದಾಗ ಬರುತ್ತಲ್ಲ, ಆ ಥರ. ಯಾವ ಭಾಷೆ ಬೇಕು ಅಂತ ಕೇಳುತ್ತೆ. ಎಷ್ಟೋ ಜನ ಇಲ್ಲೇ ಕಟ್ ಮಾಡಿಬಿಡ್ತಾರೆ. ಎದೆ ಡವಡವ ಅಂತಿರುವಾಗ ಮಷೀನ್ ದನಿ ಕೇಳಿದರೆ ಯಾರಿಗಾದರೂ ಹಾಗೇ ಅನ್ಸುತ್ತೆ. ಕಟ್ ಮಾಡಬೇಡಿ, ಕನ್ನಡದ ಆಯ್ಕೆ ಒತ್ತಿ ಕಾಯಿರಿ. ಆಮೇಲೆ ಬರೋದು ತರಬೇತಿ ಪಡೆದ ಆಪ್ತಸಮಾಲೋಚಕರು, ಮನುಷ್ಯರು.

ಅವರು ಮಾಡುವ ಕೆಲಸ ಮೊದಲು ಕೇಳಿಸಿಕೊಳ್ಳೋದು. ಆಮೇಲೆ ಕೆಲವು ಪ್ರಶ್ನೆ ಕೇಳ್ತಾರೆ. ನಿದ್ದೆ ಹೇಗಿದೆ, ಊಟ ಮಾಡ್ತಿದ್ದೀರಾ, ಎಷ್ಟು ದಿನದಿಂದ ಹೀಗೆ, ಪಕ್ಕದಲ್ಲಿ ಯಾರಾದರೂ ಇದ್ದಾರಾ. ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಬಹುದು. ಇವತ್ತು ಏನಾದರೂ ಮಾಡ್ಕೊಳ್ಳೋ ಯೋಚನೆ ಇದೆಯಾ ಅಂತ ಕೇಳಬಹುದು. ಈ ಪ್ರಶ್ನೆ ಕೇಳಿ ಗಾಬರಿ ಆಗಬೇಡಿ. ನಿಮ್ಮನ್ನ ಪರೀಕ್ಷೆ ಮಾಡೋಕೆ ಕೇಳೋದಲ್ಲ ಅದು. ಜ್ವರ ಅಂತ ಹೋದರೆ ಡಾಕ್ಟರ್ ಎಷ್ಟು ಡಿಗ್ರಿ ಅಂತ ನೋಡಲ್ವಾ, ಹಾಗೆ. ಎಷ್ಟು ಅರ್ಜೆಂಟ್ ಅಂತ ಅವರಿಗೆ ಗೊತ್ತಾಗಬೇಕು, ಅದಕ್ಕೆ. ನಿಜ ಹೇಳಿ. ಕಮ್ಮಿ ಮಾಡಿ ಹೇಳಿದರೆ ಸಹಾಯವೂ ಕಮ್ಮಿ ಸಿಗುತ್ತೆ.

ಅವರ ಕೈಯಲ್ಲಿ ಆಗಲ್ಲ ಅನ್ನಿಸಿದರೆ ಅಲ್ಲೇ ಇರುವ ತಜ್ಞರಿಗೆ ಕರೆ ದಾಟಿಸ್ತಾರೆ. ನೇರವಾಗಿ ಡಾಕ್ಟರನ್ನ ನೋಡಬೇಕು ಅಂತಿದ್ದರೆ ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಹತ್ತಿರವೋ ಹತ್ತಿರದ ಮೆಡಿಕಲ್ ಕಾಲೇಜಿಗೋ ಕಳಿಸ್ತಾರೆ. 2024ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಆ್ಯಪ್ ಬಂತು, ವಿಡಿಯೊದಲ್ಲಿ ಸಮಾಲೋಚನೆಯೂ ಆರಂಭವಾಯ್ತು. ಆ ವಿಡಿಯೊ ಸೌಲಭ್ಯ ಮೊದಲು ಬಂದ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು.

ಈಗ ಆ ಹುಡುಗಿಯ ಪ್ರಶ್ನೆ. ಏನಂತ ಹೇಳ್ಬೇಕು?

ನಾವಿಬ್ಬರೂ ಆ ರಾತ್ರಿ ಒಂದು ವಾಕ್ಯ ಬರೆದುಕೊಂಡೆವು. ನೋಡಿ, ಇದನ್ನ ಹಾಗೇ ಕಾಪಿ ಮಾಡ್ಕೊಳ್ಳಿ, ನನ್ನ ಅಭ್ಯಂತರ ಇಲ್ಲ: ‘ನನಗೆ ಕೆಲವು ದಿನಗಳಿಂದ ಬದುಕೋದು ಬೇಡ ಅನ್ನಿಸ್ತಿದೆ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗ್ತಿಲ್ಲ. ನೀವೇ ಪ್ರಶ್ನೆ ಕೇಳಿ, ನಾನು ಉತ್ತರ ಹೇಳ್ತೀನಿ.’ ಅಷ್ಟೇ. ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡು ನೋಡಿಕೊಂಡು ಓದಿದರೂ ಪರವಾಗಿಲ್ಲ. ಅತ್ತರೂ ಪರವಾಗಿಲ್ಲ. ಎರಡು ನಿಮಿಷ ಏನೂ ಮಾತಾಡದೆ ಸುಮ್ಮನಿದ್ದರೂ ಪರವಾಗಿಲ್ಲ, ಅದು ಅವರಿಗೆ ಹೊಸದಲ್ಲ.

ಮನೆಯಲ್ಲಿ ಎಲ್ಲರೂ ಇದ್ದಾರೆ, ಪಿಜಿ ರೂಮಿನಲ್ಲಿ ನಾಲ್ಕು ಜನ, ಎಲ್ಲಿ ನಿಂತು ಮಾತಾಡೋದು ಅಂತ ಕೇಳ್ತೀರಿ. ನಿಜ, ನಮ್ಮ ಮನೆಗಳಲ್ಲಿ ಕದ ಹಾಕಿಕೊಂಡರೇ ಅನುಮಾನ. ಅಂಗಡಿಗೆ ಹೋಗಿ ಬರ್ತೀನಿ ಅಂತ ಹೊರಗೆ ಬನ್ನಿ. ಜನ ಓಡಾಡುವ ಪಾರ್ಕು, ದೇವಸ್ಥಾನದ ಕಟ್ಟೆ, ಬಸ್ ಸ್ಟಾಪು, ಇಂಥ ಕಡೆ ಕೂತು ಮಾತಾಡಿ. ಒಬ್ಬರೇ ಇರುವ ಜಾಗ ಹುಡುಕಿಕೊಂಡು ಹೋಗಬೇಡಿ. ಇಯರ್‌ಫೋನ್ ಹಾಕಿಕೊಂಡು ಮಾತಾಡಿದರೆ ನೋಡಿದವರಿಗೆ ಯಾರೋ ಫ್ರೆಂಡ್ ಜೊತೆ ಮಾತಾಡ್ತಿದ್ದೀರಿ ಅನ್ಸುತ್ತೆ.

ಪೊಲೀಸರು ಬರ್ತಾರಾ? ಅಪ್ಪ–ಅಮ್ಮಂಗೆ ಗೊತ್ತಾಗುತ್ತಾ?

ಬರೋ ಮೆಸೇಜ್‌ಗಳಲ್ಲಿ ಈ ಎರಡು ಭಯವೇ ಹೆಚ್ಚು. ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸಾಯಬೇಕು ಅನ್ನಿಸೋದು ನಮ್ಮ ಕಾನೂನಿನಲ್ಲಿ ಯಾವತ್ತೂ ಅಪರಾಧ ಆಗಿರಲಿಲ್ಲ. ಪ್ರಯತ್ನ ಮಾಡೋದು ಹಳೆಯ ಐಪಿಸಿ ಸೆಕ್ಷನ್ 309ರ ಪ್ರಕಾರ ಅಪರಾಧ ಆಗಿತ್ತು. ನಮ್ಮ ಹಿರಿಯರ ತಲೆಯಲ್ಲಿ ಇರೋದು ಅದೇ, ‘ಕೇಸ್ ಆಗುತ್ತೆ, ಬಾಯಿ ಬಿಡಬೇಡ’ ಅನ್ನೋದು ಅದಕ್ಕೇ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದರ ಸೆಕ್ಷನ್ 115 ಏನು ಹೇಳುತ್ತೆ ಅಂದ್ರೆ, ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರ ಮೇಲೆ ವಿಚಾರಣೆ ನಡೆಸಿ ಶಿಕ್ಷೆ ಕೊಡುವಂತಿಲ್ಲ, ಸರ್ಕಾರ ಅವರಿಗೆ ಆರೈಕೆ, ಚಿಕಿತ್ಸೆ ಕೊಡಬೇಕು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರಲ್ಲಿ ಹಳೆಯ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ತಡೆ ಒಡ್ಡಲು ಹಾಗೆ ಮಾಡಿದರೆ ಅನ್ವಯಿಸುವ ಬೇರೆ ಸೆಕ್ಷನ್ ಒಂದಿದೆ. ಆದರೆ ನೋವಿನಲ್ಲಿ ಇರುವವರಿಗೂ ಅದಕ್ಕೂ ಸಂಬಂಧ ಇಲ್ಲ. ಏನೋ ಆಗಿ ಆಸ್ಪತ್ರೆಗೆ ಸೇರಿದರೆ ಅಲ್ಲಿನವರು ಪೊಲೀಸರಿಗೆ ಮಾಹಿತಿ ಕೊಡಬಹುದು. ಅದು ದಾಖಲೆ, ನಿಮ್ಮ ಮೇಲಿನ ಆರೋಪ ಅಲ್ಲ. ಆ ಭಯಕ್ಕೆ ಆಸ್ಪತ್ರೆಗೆ ಹೋಗೋದನ್ನ ಒಂದು ನಿಮಿಷವೂ ತಡ ಮಾಡಬಾರದು. 108 ಇದೆ, ಆಂಬುಲೆನ್ಸ್ ಬರುತ್ತೆ.

ಎರಡನೇ ಭಯ, ಮನೆಯವರದ್ದು. ನಿಮ್ಮ ಮಾನಸಿಕ ಆರೋಗ್ಯ, ಚಿಕಿತ್ಸೆಯ ವಿಷಯವನ್ನ ಗುಟ್ಟಾಗಿ ಇಡಬೇಕು ಅನ್ನೋದು ಅದೇ ಕಾಯ್ದೆಯ ಪ್ರಕಾರ ನಿಮ್ಮ ಹಕ್ಕು. ಆದರೆ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಅದನ್ನ ಮೀರಿ ಸಹಾಯ ಕರೆಸುವ ಅವಕಾಶ ಇದೆ. ಇದನ್ನ ಮುಚ್ಚಿಟ್ಟು ‘ಯಾರಿಗೂ ಏನೂ ಗೊತ್ತಾಗಲ್ಲ’ ಅಂತ ನಾನು ಹೇಳಿದರೆ ಸುಳ್ಳಾಗುತ್ತೆ. 18 ತುಂಬದವರಾದರೆ ಚಿಕಿತ್ಸೆಯ ವಿಷಯದಲ್ಲಿ ತಂದೆ–ತಾಯಿ ಅಥವಾ ಪೋಷಕರು ಬಂದೇ ಬರ್ತಾರೆ. ಆದರೆ ಸಹಾಯವಾಣಿಗೆ ಫೋನ್ ಮಾಡೋಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ. ಮನೆಯಲ್ಲಿ ಹೇಗೆ ಹೇಳೋದು ಅನ್ನೋದನ್ನೇ ಅವರ ಹತ್ತಿರ ಕೇಳಬಹುದು. ಮನೆಯೇ ತೊಂದರೆ ಆಗಿದ್ದರೆ, ಅಂದ್ರೆ ಹೊಡೆತ, ಬಲವಂತದ ಮದುವೆ, ಇನ್ನೂ ಕೆಟ್ಟದ್ದು, ಅದನ್ನೂ ಹೇಳಿ.

ಮೊದಲ ಬಾಗಿಲು ತೆರೆಯದಿದ್ದರೆ

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಲೇಬೇಕು. ಹೇಳದೆ ಮುಂದಿನ ಮಾತು ಹೇಳಿದರೆ ಉಪದೇಶ ಅನ್ಸುತ್ತೆ.

ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್. ಆಗ 14416 ಇರಲಿಲ್ಲ. ಮೂರು ತಿಂಗಳು ನನ್ನ ತಲೆಯಲ್ಲಿ ಒಂದೇ ಓಡ್ತಿತ್ತು: ನಾನು ಇಲ್ಲದಿದ್ದರೆ ಎಲ್ಲರಿಗೂ ಆರಾಮ. ಯಾರೋ ಬಂದು ಕಿವಿಯಲ್ಲಿ ಹೇಳಿದ ಹಾಗೆ ಏನೂ ಅಲ್ಲ, ಲೆಕ್ಕ ಹಾಕಿದಷ್ಟು ಸಹಜವಾಗಿ ಅನ್ನಿಸ್ತಿತ್ತು. ಅದೇ ಹೆದರಿಕೆಯ ವಿಷಯ. ಧೈರ್ಯ ಮಾಡಿ ಕಾಲೇಜಿನಲ್ಲಿ ಆಪ್ತಸಮಾಲೋಚಕರು ಅಂತ ಇದ್ದವರ ಹತ್ತಿರ ಹೋದೆ. ಅವರು ಗಡಿಯಾರ ನೋಡ್ತಾ ‘ಅಪ್ಪ–ಅಮ್ಮನ ಮುಖ ನೆನಪಿಸ್ಕೋ, ಬೆಳಗ್ಗೆ ಬೇಗ ಎದ್ದು ಯೋಗ ಮಾಡು’ ಅಂದ್ರು. ಯೋಗದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ರೂಮಿಂದ ಹೊರಗೆ ಬಂದಾಗ ‘ನೋಡಿದ್ಯಾ, ಹೇಳಿದ್ರೂ ಏನೂ ಆಗಲ್ಲ’ ಅಂತ ನನಗೆ ನಾನೇ ಹೇಳಿಕೊಂಡೆ. ಆ ದಿನ ನಾನು ಹೋಗೋ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದೆ.

ನಾಲ್ಕು ದಿನ ಬಿಟ್ಟು ಅಕ್ಕನಿಗೆ ವಾಟ್ಸಾಪ್‌ನಲ್ಲಿ ಮೆಸೇಜ್ ಮಾಡಿದೆ. ಟೈಪ್ ಮಾಡಿ ಅಳಿಸಿ, ಟೈಪ್ ಮಾಡಿ ಅಳಿಸಿ, ಕೊನೆಗೆ ‘ಅಕ್ಕಾ ನಂಗೆ ಹುಷಾರಿಲ್ಲ, ಮನಸ್ಸಿಗೆ’ ಅಂತ ಕಳಿಸಿದೆ. ಅವಳು ಭಾಷಣ ಮಾಡಲಿಲ್ಲ. ‘ಬರ್ತಿದ್ದೀನಿ, ಊಟ ಮಾಡಿರು’ ಅಂದಳು. ಮಾರನೇ ದಿನ ನಮ್ಮ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋದಳು. ಚೀಟಿ ಮಾಡಿಸಿ, ಕ್ಯೂ ನಿಂತು, ಮನೋವೈದ್ಯರ ಎದುರು ಕೂತಾಗ ಅವರು ಕೇಳಿದ್ದು, ‘ನಿದ್ದೆ ಬಿಟ್ಟು ಎಷ್ಟು ದಿನ ಆಯ್ತಪ್ಪ?’ ಆ ಪ್ರಶ್ನೆಗೇ ಅಳು ಬಂತು. ಅದನ್ನ ಯಾರೂ ಕೇಳಿರಲಿಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನೀವು ಮೊದಲು ಹೇಳಿಕೊಳ್ಳುವ ವ್ಯಕ್ತಿ ಕೆಟ್ಟದಾಗಿ ಪ್ರತಿಕ್ರಿಯಿಸುವ ಸಾಧ್ಯತೆ ಇದೆ. ಅಮ್ಮ ‘ನಿನಗೇನು ಕಮ್ಮಿ ಮಾಡಿದ್ದೀವಿ’ ಅಂತ ಅಳಬಹುದು. ಫ್ರೆಂಡ್ ‘ನೀನು ನಿಮ್ಹಾನ್ಸ್‌ಗೆ ಸೇರ್ಕೋ’ ಅಂತ ನಗಬಹುದು. ನಿಮ್ಹಾನ್ಸ್ ಅನ್ನೋದು ನಮ್ಮಲ್ಲಿ ಬೈಗುಳ ಆಗಿಬಿಟ್ಟಿದೆ, ಧಾರವಾಡದ ಕಡೆ ಧಾರವಾಡದ ಆಸ್ಪತ್ರೆಯ ಹೆಸರು ಹೇಳಿ ಹಂಗಿಸ್ತಾರೆ. ಸಹಾಯವಾಣಿಯಲ್ಲೂ ಒಂದು ದಿನ ಲೈನ್ ಸಿಗದೇ ಹೋಗಬಹುದು. ಆಗ ಸೋತಿದ್ದು ಆ ಒಂದು ಪ್ರಯತ್ನ ಅಷ್ಟೇ. ಇನ್ನೊಬ್ಬರಿಗೆ ಹೇಳಿ. ಮತ್ತೆ ಡಯಲ್ ಮಾಡಿ. ಚಿಕ್ಕಪ್ಪ, ಸೋದರತ್ತೆ, ಹಳೆಯ ಟೀಚರ್, ಹಾಸ್ಟೆಲ್ ವಾರ್ಡನ್, ಆಶಾ ಕಾರ್ಯಕರ್ತೆ, ಫ್ಯಾಮಿಲಿ ಡಾಕ್ಟರ್, ಯಾರಾದರೂ ಸರಿ. ಫೋನಿನಲ್ಲಿರುವ ಮುನ್ನೂರು ಕಾಂಟ್ಯಾಕ್ಟ್‌ಗಳಲ್ಲಿ ಸರಿಯಾದವರು ಒಬ್ಬರು ಸಿಕ್ಕರೂ ಸಾಕಾಗುತ್ತೆ.

ಈಚೆಗೆ ತುಂಬಾ ಜನ ‘ನಾನು ಎಐ ಚಾಟ್‌ಬಾಟ್ ಜೊತೆ ಮಾತಾಡ್ತೀನಿ, ಅದು ಜಡ್ಜ್ ಮಾಡಲ್ಲ’ ಅಂತ ಬರೀತಾರೆ. ರಾತ್ರಿ ಎರಡು ಗಂಟೆಗೆ ಅದು ಹತ್ತಿರ ಅನ್ಸೋದು ನನಗೆ ಅರ್ಥ ಆಗುತ್ತೆ. ಅಕ್ಕನಿಗೆ ಮೆಸೇಜ್ ಹೇಗೆ ಬರೆಯೋದು ಅಂತ ಅದರ ಹತ್ತಿರ ಕೇಳಿ ಬೇಕಾದ್ರೆ. ಆದರೆ ಅದು ಬಸ್ ಹತ್ತಿ ನಿಮ್ಮೂರಿಗೆ ಬರಲ್ಲ, ಆಸ್ಪತ್ರೆಯಲ್ಲಿ ಕ್ಯೂ ನಿಲ್ಲಲ್ಲ. ಅಲ್ಲಿಗೇ ನಿಲ್ಲಿಸಬೇಡಿ.

ಹತ್ತಿರ ಎಲ್ಲಿ ಹೋಗೋದು, ಯಾರು ಯಾರು

ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗ ಹಗಲು–ರಾತ್ರಿ ತೆರೆದಿರುತ್ತೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗ ಇರುತ್ತೆ. ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತೆ. ಅಂದಹಾಗೆ ಇಡೀ ದೇಶದಲ್ಲಿ ನಡೀತಿರುವ ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದನ್ನೇ ಇವತ್ತಿಗೂ ಬಳ್ಳಾರಿ ಮಾದರಿ ಅಂತ ಕರೀತಾರೆ.

ತಾಲೂಕಿನಲ್ಲಿ ಇರುವವರು ಮನೋಚೈತನ್ಯ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ. 2014ರಲ್ಲಿ ಕರ್ನಾಟಕದಲ್ಲಿ ಶುರುವಾದದ್ದು. ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೇ ಬರುವ ವ್ಯವಸ್ಥೆ, ಅದಕ್ಕೇ ಸೂಪರ್ ಟ್ಯೂಸ್‌ಡೇ ಅಂತಲೂ ಕರೀತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಂಡು ಹೋಗಿ, ಸುಮ್ಮನೆ ಬಸ್ ಚಾರ್ಜ್ ದಂಡ ಮಾಡ್ಕೋಬೇಡಿ.

ಯಾರು ಏನು ಅನ್ನೋ ಗೊಂದಲವೂ ಇದೆ. ಮನೋವೈದ್ಯರು ಅಂದ್ರೆ ಎಂಬಿಬಿಎಸ್ ಮಾಡಿ ಆಮೇಲೆ ಈ ವಿಷಯದಲ್ಲೇ ಓದಿದ ಡಾಕ್ಟರ್, ಮಾತ್ರೆ ಬರೆದುಕೊಡಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುವವರು, ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಕೇಳಿ, ಕೇಳೋದರಲ್ಲಿ ತಪ್ಪಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ‘ಮೂರು ಸೆಷನ್‌ನಲ್ಲಿ ಖಿನ್ನತೆ ಮಾಯ’ ಅಂತ ಸಾವಿರಾರು ರೂಪಾಯಿ ಕೇಳುವ ಕೋಚ್‌ಗಳಿಂದ ದೂರ ಇರಿ.

ಮಾತ್ರೆಯ ಬಗ್ಗೆ ಎರಡು ಮಾತು. ಖಿನ್ನತೆಯ ಮಾತ್ರೆ ತಗೊಂಡ ಮಾರನೇ ದಿನ ಕೆಲಸ ಮಾಡಲ್ಲ, ಕೆಲವು ವಾರ ಬೇಕು. ನನಗೆ ಮೊದಲ ಹತ್ತು ದಿನ ಬರೀ ಹೊಟ್ಟೆ ತೊಳಸೋದು. ಇದು ಮುಖ್ಯ, ಗಮನ ಇಟ್ಟು ಕೇಳಿ: 25 ವರ್ಷದೊಳಗಿನ ಕೆಲವರಿಗೆ ಶುರುವಿನ ವಾರಗಳಲ್ಲಿ ಸಾವಿನ ಯೋಚನೆ ಜಾಸ್ತಿ ಆಗಬಹುದು. ಹಾಗಾದರೆ ನೀವೇ ಮಾತ್ರೆ ನಿಲ್ಲಿಸಬೇಡಿ, ಸುಮ್ಮನೆ ಸಹಿಸಿಕೊಳ್ಳಲೂಬೇಡಿ, ಅವತ್ತೇ ಡಾಕ್ಟರ್‌ಗೆ ಹೇಳಿ. ಮನೆಯವರಿಗೂ ಇದು ಗೊತ್ತಿರಲಿ.

ಕಾಲೇಜಿನವರಿಗೆ ಒಂದು ಸುದ್ದಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಕೋಚಿಂಗ್ ಸೆಂಟರ್‌ಗಳೂ ಅದರಲ್ಲಿ ಸೇರಿವೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಬೇಕು, ಟೆಲಿ ಮಾನಸ್ ನಂಬರ್ ಹಾಸ್ಟೆಲ್, ತರಗತಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು ಅಂತ. ನಾಳೆ ಕಾಲೇಜಿಗೆ ಹೋದಾಗ ಗೋಡೆ ನೋಡಿ. ಇಲ್ಲದಿದ್ದರೆ ಪ್ರಿನ್ಸಿಪಾಲರನ್ನ ಕೇಳಿ.

ಆ ಒಂದು ರಾತ್ರಿ ದಾಟೋಕೆ

ಡಾಕ್ಟರ್ ಹತ್ತಿರ ಹೋಗೋದು ನಾಳೆಯ ಮಾತು, ಇವತ್ತು ರಾತ್ರಿಗೆ ಏನು?

ಬಾರ್ಬರಾ ಸ್ಟಾನ್ಲಿ, ಗ್ರೆಗರಿ ಬ್ರೌನ್ ಅಂತ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಸುರಕ್ಷತಾ ಯೋಜನೆ ಅನ್ನೋದನ್ನ ರೂಪಿಸಿದರು. ಹೆಸರು ದೊಡ್ಡದು, ವಸ್ತು ಒಂದು ಹಾಳೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದವರಿಗೆ ಈ ಹಾಳೆ ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸಿಕೊಂಡಾಗ, ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ಸುಮಾರು 45ರಷ್ಟು ಶೇಕಡಾ ಕಡಿಮೆ ಇತ್ತು.

ಆ ಹುಡುಗಿ ಬರೆದದ್ದನ್ನ ಕೇಳಿ. ಮೊದಲಿಗೆ, ಕೆಟ್ಟ ಹೊತ್ತು ಹತ್ತಿರ ಬರ್ತಿದೆ ಅಂತ ತಿಳಿಯೋದು ಹೇಗೆ: ‘ಕಾಲೇಜ್ ಸೇರಿದ ಫ್ರೆಂಡ್ಸ್ ಫೋಟೋ ನೋಡ್ತಾ ರಾತ್ರಿ ಎರಡಾಗುತ್ತೆ. ಅಮ್ಮ ಕರೆದರೂ ಊಟ ಬೇಡ ಅಂತೀನಿ.’ ನನ್ನದಾದರೆ ಬಟ್ಟೆ ಒಗೆಯೋದು ನಿಲ್ಲಿಸೋದು. ಆಮೇಲೆ ಒಬ್ಬಳೇ ಏನು ಮಾಡಬಹುದು: ತಲೆಗೆ ಸ್ನಾನ, ರಂಗೋಲಿ ಬಿಡಿಸೋದು. ಆಮೇಲೆ ಮನಸ್ಸು ಬೇರೆ ಕಡೆ ಹರಿಸುವ ಜಾಗ, ಜನ: ಪಕ್ಕದ ಮನೆ ಅಜ್ಜಿ. ಅಜ್ಜಿಗೆ ಏನೂ ಹೇಳೋದಿಲ್ಲ, ಸುಮ್ಮನೆ ಕೂತು ಸೀರಿಯಲ್ ನೋಡೋದು. ಆಮೇಲೆ ವಿಷಯ ಹೇಳಬಹುದಾದವರು: ಇಬ್ಬರ ಹೆಸರು, ನಂಬರ್. ಆಮೇಲೆ 14416, ಜಿಲ್ಲಾಸ್ಪತ್ರೆ.

ಕೊನೆಯದ್ದು, ಸುತ್ತಮುತ್ತ ಅಪಾಯ ಆಗಬಹುದಾದ ವಸ್ತುಗಳನ್ನ ದೂರ ಮಾಡೋದು. ಯಾವುದು ಅಂತ ಬೇಕಂತಲೇ ಹೇಳ್ತಿಲ್ಲ, ನಿಮ್ಮ ಮನಸ್ಸಿಗೆ ಗೊತ್ತಿರುತ್ತೆ. ಅದನ್ನ ಮನೆಯ ಒಬ್ಬರ ಕೈಗೆ ಕೊಟ್ಟು ‘ನಾನು ಕೇಳಿದರೂ ಕೊಡಬೇಡಿ’ ಅಂತ ಹೇಳಿ. ಇದು ಯಾಕೆ ಅಂದ್ರೆ, ಆ ತೀವ್ರವಾದ ಒತ್ತಡ ಒಂದೇ ಸಮ ಇರಲ್ಲ. ಏರುತ್ತೆ, ಇಳಿಯುತ್ತೆ. ಏರಿದಾಗ ಕೈಗೆ ಏನೂ ಸಿಗದಿದ್ದರೆ ಇಳಿಯೋವರೆಗೆ ನೀವು ಇರ್ತೀರಿ. ಒಮ್ಮೆ ಪ್ರಯತ್ನಿಸಿ ಬದುಕಿ ಉಳಿದವರನ್ನ ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಹೇಳೋದು, ಹತ್ತರಲ್ಲಿ ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯಲಿಲ್ಲ ಅಂತ. ಆವತ್ತು ಅವರಿಗೂ ಬೇರೆ ದಾರಿ ಇಲ್ಲ ಅಂತಲೇ ಅನ್ನಿಸಿತ್ತು.

ನಿಮಗೆ ಯಾರಾದರೂ ಹೇಳಿಕೊಂಡರೆ

ಬೇಗ ಹೇಳಿ ಮುಗಿಸ್ತೀನಿ. ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅನ್ನೋದು ತಪ್ಪು, ಸಂಶೋಧನೆಗಳು ಹಾಗೆ ಆಗಲ್ಲ ಅಂತ ತೋರಿಸಿವೆ. ಕೇಳಿದ ಮೇಲೆ ಉತ್ತರ ಬರೋವರೆಗೆ ಸುಮ್ಮನಿರಿ. ಹೇಡಿ, ಸ್ವಾರ್ಥಿ ಅನ್ನಬೇಡಿ. ‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡು’ ಅಂದರೆ ಆಣೆ ಮಾಡಬೇಡಿ. ಅಪಾಯ ಇದೆ ಅನ್ನಿಸಿದರೆ ಒಂಟಿಯಾಗಿ ಬಿಡಬೇಡಿ. ಇನ್ನೊಬ್ಬರ ಪರವಾಗಿ ನೀವೂ 14416ಕ್ಕೆ ಫೋನ್ ಮಾಡಿ ಏನು ಮಾಡಬೇಕು ಅಂತ ಕೇಳಬಹುದು. ಮತ್ತೆ ನೀವು ಡಾಕ್ಟರ್ ಅಲ್ಲ, ಎಲ್ಲವನ್ನೂ ಒಬ್ಬರೇ ಹೊತ್ತುಕೊಳ್ಳಬೇಡಿ.

ಆ ಹುಡುಗಿಯ ವಿಷಯ ಹೇಳ್ತೀನಿ ಅಂದಿದ್ದೆ. ಅವತ್ತು ರಾತ್ರಿ ಅವಳು ಎರಡು ಸಲ ಡಯಲ್ ಮಾಡಿ ಕಟ್ ಮಾಡಿದಳು. ಮೂರನೇ ಸಲ ಮಾತಾಡಿದಳು. ಆಮೇಲೆ ನನಗೆ ಕಳಿಸಿದ ವಾಯ್ಸ್ ನೋಟ್‌ನಲ್ಲಿ ಮೊದಲು ಹೇಳಿದ್ದೇ, ‘ಅಣ್ಣಾ, ಅವರು ಊಟ ಆಯ್ತಾ ಅಂತ ಕೇಳಿದ್ರು.’ ಬರೆದಿಟ್ಟುಕೊಂಡ ವಾಕ್ಯ ಪೂರ್ತಿ ಓದೋಕೆ ಆಗಲಿಲ್ವಂತೆ, ಅರ್ಧಕ್ಕೇ ಅಳು ಬಂತಂತೆ. ಅಮ್ಮನಿಗೆ ಹೇಳೋಕೆ ಇನ್ನೂ ಐದು ದಿನ ಹಿಡೀತು. ಅಮ್ಮ ಮೊದಲು ಬೈದರು, ಆಮೇಲೆ ಅತ್ತರು. ಮುಂದಿನ ಮಂಗಳವಾರ ಇಬ್ಬರೂ ತಾಲೂಕು ಆಸ್ಪತ್ರೆಗೆ ಹೋದರು. ಡಾಕ್ಟರ್ ಬರೋದು ಹನ್ನೊಂದು ಗಂಟೆ ಆಯ್ತಂತೆ, ಅಲ್ಲಿವರೆಗೆ ಅಮ್ಮ ಹೊರಗಿನ ಬೆಂಚಿನ ಮೇಲೆ ಇವಳ ಕೈ ಹಿಡ್ಕೊಂಡೇ ಕೂತಿದ್ದರಂತೆ. ಎಲ್ಲಾ ಸರಿ ಹೋಯ್ತಾ ಅಂತ ಕೇಳಿದೆ. ‘ಇಲ್ಲ ಅಣ್ಣಾ, ಆದ್ರೆ ನಿದ್ದೆ ಬರ್ತಿದೆ’ ಅಂದಳು.

14416. ಅದು ಸಿಗದಿದ್ದರೆ 1800 891 4416. ತುರ್ತಾಗಿದ್ದರೆ 112. ಮುಂದಿನ ವಾರ ಸಿಗೋಣ.